ನಮ್ಮ ಓಣಿ ಬೆಂಕಿ ಬೇಡಿದ ದಿನಗಳು

ಅವತ್ತೂ ರೊಟ್ಟಿಯ ಸಲುವಾಗಿ ಜಗಳ ನಡೆದಿತ್ತು. ಜಗಳವಿಲ್ಲದ ಬೆಳಗು ನಮ್ಮ ಮನೆಯಲ್ಲಿ ಇರಲಿಲ್ಲ, ಆದ್ದರಿಂದ ಅದನ್ನು ಎಂದಿನ ದಿನವೆಂದೇ ಹೇಳಬೇಕು. ನನ್ನ ಅತ್ತೆ ಕಟ್ಟಿಗೆಯ ಮರಿಗೆಯಲ್ಲಿ ಜೋಳದ ಹಿಟ್ಟು ನಾದಿ ರೊಟ್ಟಿ ಬಡಿಯುತ್ತಿದ್ದರು. ದೊಡ್ಡತ್ತೆ ಒಲೆಯ ಮುಂದೆ ಕುಳಿತು ಹಂಚಿನ ಮೇಲೆ ಬೇಯಿಸುತ್ತಿದ್ದರು. ನಾನು ಬಾಗಿಲ ಹತ್ತಿರ ಬದನೆಕಾಯಿ ಹೆಚ್ಚುತ್ತ ಇಬ್ಬರ ಮಾತನ್ನೂ ಕೇಳುತ್ತಿದ್ದೆ.

“ಏನವಾ ಇದು, ರೊಟ್ಟಿನೋ ಎತ್ತಿನ ಮ್ಯಾಲಿನ ಜೂಲೋ? ಇಷ್ಟ ದಪ್ಪ ಬಡದೀ.”

“ನಿನ್ನ ಹಲ್ಲ ಗಟ್ಟಿ ಅದಾವಲ್ಲ ಅಕ್ಕಾ, ಅದಕ್ಕ ಬಡದೀನಿ. ಸುಮ್ಕ ಬೇಯಿಸು.”

“ಹಲ್ಲ ಎಲ್ಲದಾವ? ಇದ್ದಾವು ನಾಕು, ಅವೂ ಒಂದಕ್ಕೊಂದು ಮಾತಾಡೂದಿಲ್ಲ.”

ಅತ್ತೆ ನಕ್ಕು ಮುಂದಿನ ರೊಟ್ಟಿಯನ್ನು ತೆಳ್ಳಗೆ ಬಡಿದರು. ಅದು ಹರಿದಿದೆ ಎಂದು ದೊಡ್ಡತ್ತೆ ಮತ್ತೆ ಬೈದರು.

ಅವರಿಬ್ಬರೂ ಅಣ್ಣ ತಮ್ಮಂದಿರ ಹೆಂಡಿರು, ನೆಗೆಣ್ಣಿಯರು. ಗಂಡಸರಿಬ್ಬರೂ ನಾನು ರೋಣದ ಈ ಮನೆಗೆ ಸೊಸೆಯಾಗಿ ಬರುವ ಮೊದಲೇ ತೀರಿದ್ದರು. ತೀರುವ ಮೊದಲು ಯಾವುದೋ ಮಾತಿಗೆ ಮುನಿದು ಮನೆ ಹಂಚಿಕೊಂಡು, ಅಂಗಳದ ನಡುವೆ ಮೊಳಕಾಲೆತ್ತರದ ಗೋಡೆ ಹಾಕಿಸಿದ್ದರು. ಹೀಗಾಗಿ ನಮ್ಮದು ಎರಡು ಒಲೆಯ ಮನೆ. ಆಚೆ ದೊಡ್ಡತ್ತೆಯ ಒಲೆ, ಈಚೆ ನಮ್ಮ ಒಲೆ. ಆದರೆ ಹೆಂಗಸರಿಬ್ಬರೂ ಆ ಹಂಚಿಕೆಯನ್ನು ಒಪ್ಪಿಕೊಂಡಿರಲಿಲ್ಲ. ಅತ್ತೆ ದಿನಾ ಬೆಳಿಗ್ಗೆ ಸೀರೆ ಎತ್ತಿ ಕಟ್ಟಿ, ಹಿಟ್ಟಿನ ಮರಿಗೆ ಹೊತ್ತು, ಗೋಡೆ ದಾಟಿ ಅಲ್ಲಿಗೆ ಹೋಗುತ್ತಿದ್ದರು. ಇಬ್ಬರೂ ಕೂಡಿ ಎರಡೂ ಮನೆಯ ರೊಟ್ಟಿ ಮಾಡುತ್ತಿದ್ದರು. ದೊಡ್ಡತ್ತೆಗೆ ಮಕ್ಕಳಿರಲಿಲ್ಲ. ನನ್ನ ಗಂಡ ಇಬ್ಬರಿಗೂ ಮಗ.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಅತ್ತೆ ಎದೆ ಹಿಡಿದುಕೊಂಡು ಕುಳಿತರು. ನೀರು ತಂದು ಕೊಡುವಷ್ಟರಲ್ಲಿ ಹೋಗಿಬಿಟ್ಟಿದ್ದರು.

ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಲಕ್ಕಲಕಟ್ಟಿಯಿಂದ, ಕೊಣ್ಣೂರಿನಿಂದ ಬೀಗರು ರೊಟ್ಟಿ ಬುತ್ತಿ ಕಟ್ಟಿಕೊಂಡು ಬಂದು ನಮ್ಮನ್ನು ಉಣಿಸಿದರು. ಬಂದವರೆಲ್ಲ ಒಂದೇ ಮಾತು ಹೇಳಿದರು: ಪುಣ್ಯವಂತೆ, ಹಾಸಿಗೆ ಹಿಡಿಯಲಿಲ್ಲ, ಯಾರ ಕೈಯಲ್ಲೂ ಮಾಡಿಸಿಕೊಳ್ಳಲಿಲ್ಲ, ಇಂಥ ಸಾವು ಯಾರಿಗೆ ಸಿಗುತ್ತದೆ. ದೊಡ್ಡತ್ತೆ ಗೋಡೆಗೆ ಒರಗಿ ಕುಳಿತು ಎಲ್ಲರಿಗೂ ತಲೆಯಾಡಿಸಿದರು. ಕಾರ್ಯಗಳು ಮುಗಿದು ಬೀಗರೆಲ್ಲ ಹೊರಟ ಮೇಲೆ ನಾನು ನಮ್ಮ ಒಲೆ ಸಾರಿಸಿ ಹಚ್ಚಿದೆ. ಗೋಡೆಯಾಚೆ ಹೊಗೆ ಏಳಲಿಲ್ಲ.

ನಾನು ತಾಟಿನಲ್ಲಿ ರೊಟ್ಟಿ ಪಲ್ಯೆ ಒಯ್ದೆ.

“ನನ್ನ ಒಲಿ ಬ್ಯಾರೆ ಐತಿ ತಂಗಿ,” ಎಂದರು. “ದಿನಾ ನಿಮ್ಮ ಒಲಿ ಮ್ಯಾಲಿಂದು ಉಂಡ್ರ ನಾ ಏನ ಆದೆ? ನಾ ಒಪ್ಪತ್ತು ಹಿಡದೀನಿ. ವ್ರತ ಐತಿ.”

ವ್ರತ ಎಂದ ಮೇಲೆ ಯಾರು ಏನು ಕೇಳಲಿಕ್ಕಾಗುತ್ತದೆ? ಓಣಿಯವರು ಕೈಮುಗಿದರು. ನೆಗೆಣ್ಣಿ ಸತ್ತ ದುಃಖದಲ್ಲೂ ಎಂಥ ನಿಷ್ಠೆ ಎಂದರು. ಆದರೆ ಆ ಒಂದು ಹೊತ್ತೂ ಒಲೆ ಹತ್ತುತ್ತಿಲ್ಲ ಎಂಬುದು ಗೋಡೆಯ ಈಚೆ ಇದ್ದ ನನಗೆ ಮಾತ್ರ ಕಾಣುತ್ತಿತ್ತು. ಒಣಗಿದ ರೊಟ್ಟಿಯ ಚೂರು ನೀರಲ್ಲಿ ನೆನೆಸಿ ಬಾಯಿಗೆ ಹಾಕಿಕೊಳ್ಳುತ್ತಿದ್ದರು, ಕೆಲವು ದಿನ ಅದೂ ಇಲ್ಲ.

ಆಮೇಲೆ ಕೊಡುವುದು ಶುರುವಾಯಿತು. ಇಳಕಲ್ಲ ಸೀರೆಯನ್ನು ನನ್ನ ಮಡಿಲಿಗೆ ಹಾಕಿದರು. ಸವತೆ, ಹೀರೆ, ಅವರೆಯ ಬೀಜದ ಗಂಟುಗಳನ್ನು ತಂದು, ಯಾವುದನ್ನು ಯಾವ ಮಳೆಗೆ ಹಾಕಬೇಕೆಂದು ನನಗೆ ಬಾಯಿಪಾಠ ಮಾಡಿಸಿದರು. ನನಗೆ ಹಿಗ್ಗಾಗಬೇಕಿತ್ತು. ಸೊಸೆಯ ಕೈಗೆ ಬೀಜದ ಗಂಟು ಕೊಡುವುದೆಂದರೆ ಮನೆಯನ್ನೇ ಕೊಟ್ಟಂತೆ. ಆದರೆ ಅವರ ದನಿಯಲ್ಲಿ ಒಂದು ಅವಸರವಿತ್ತು.

“ಅವಸರ ಯಾಕ್ರಿ ದೊಡ್ಡತ್ತಿ? ಮಳಿಗೆ ಇನ್ನೂ ಭಾಳ ದಿನಾ ಐತಿ. ಆವಾಗ ನೀವ ಹೇಳೀರಂತ.”

“ಆವಾಗ ನಾ ಎಲ್ಲೋ, ನೀ ಎಲ್ಲೋ. ಇದ್ದು ಏನ ಮಾಡೂದೈತಿ? ಸಾಕಾಗೈತಿ ತಂಗಿ.”

ಇಂಥ ಮಾತು ನಮ್ಮ ಕಡೆಯ ವಯಸ್ಸಾದವರ ಬಾಯಲ್ಲಿ ದಿನಾ ಕೇಳುತ್ತೇವೆ. ಶಿವ ಯಾವಾಗ ಕರೆಯುತ್ತಾನೋ ಎನ್ನುತ್ತಲೇ ಅವರು ಇನ್ನೊಂದು ಬಟ್ಟಲು ಚಹ ಕೇಳುತ್ತಾರೆ. ದೊಡ್ಡತ್ತೆ ಚಹ ಕೇಳಲಿಲ್ಲ. ಗಂಡನಿಗೆ ಹೇಳಿದರೆ ಅವರು ಅರಳೆಯ ವ್ಯಾಪಾರಕ್ಕೆ ನರಗುಂದಕ್ಕೆ ಹೊರಟವರು ಸೈಕಲ್ಲು ಹಿಡಿದೇ ನಿಂತರು. “ದುಃಖ ಐತಿ, ಕಡಿಮಿ ಆಗತೈತಿ. ಹೊರಗ ಯಾರ ಮುಂದನೂ ಅನಬ್ಯಾಡ,” ಎಂದರು.

ನಾನು ತವರಿಗೆ ಹೋಗಿ ಬರುತ್ತೇನೆಂದು ಹೇಳಿ ಗಜೇಂದ್ರಗಡದ ಮೋಟಾರು ಹತ್ತಿದೆ. ನನ್ನ ತಾಯಿಯ ಮುಂದೆ ಎಲ್ಲವನ್ನೂ ಹೇಳಿದೆ. ಅವಳು ದೀಪದ ಬತ್ತಿ ಹೊಸೆಯುತ್ತಿದ್ದಳು. ಕೈ ನಿಂತಿತು.

“ನಮ್ಮವ್ವನೂ ಹಿಂಗ ಅಂದಿದ್ಲು,” ಎಂದಳು. ಅವಳ ತವರು ಮೆಣಸಗಿ. “ನಮ್ಮಪ್ಪ ಹೋದ ಮ್ಯಾಲೆ. ಇದ್ದದ್ದೆಲ್ಲಾ ಹಂಚಿದ್ಲು. ನಮಗ ಖುಷಿ, ನನಗ ಇದು ಬಂತು, ನಿನಗ ಅದು ಬಂತು ಅಂತ. ಸಾಕಾಗೈತಿ ಅಂದ್ರ ನಾವು ನಕ್ಕಿವಿ. ಮುದುಕಿ ಆಟಾ ಹೂಡ್ಯಾಳ ಅಂದಿವಿ.”

“ಆಮ್ಯಾಲೆ?”

“ಆಮ್ಯಾಲೆ ನಗಲಿಲ್ಲ.”

ಅಜ್ಜಿ ಜ್ವರ ಬಂದು ತೀರಿದಳೆಂದು ನನಗೆ ಹೇಳಿದ್ದರು. ಅವತ್ತಿನವರೆಗೂ ಅದನ್ನೇ ನಂಬಿದ್ದೆ. ತಾಯಿ ಬತ್ತಿಗಳನ್ನು ಬದಿಗೆ ಸರಿಸಿ ನನ್ನ ಕಡೆ ತಿರುಗಿ ಕುಳಿತಳು.

“ಬುದ್ಧಿ ಹೇಳಾಕ ಹೋಗಬ್ಯಾಡ. ಆಕಿಗೆ ನಿನಗಿಂತ ಹೆಚ್ಚು ಗೊತ್ತೈತಿ. ಕೊಡಾಕೂ ಹೋಗಬ್ಯಾಡ. ಇಡೀ ಜನ್ಮ ಕೊಟ್ಟ ಕೈ ಅದು, ಚಾಚೂದಿಲ್ಲ. ನೀ ಬೇಡು.”

“ಏನ ಬೇಡ್ಲಿ?”

“ಏನರ ಬೇಡು. ಉಪ್ಪು, ಹೆಪ್ಪು, ಬೆಂಕಿ. ಬಾಗಲಿಗೆ ಬಂದಾವ್ರಿಗೆ ಇಲ್ಲ ಅನ್ನೂ ತಲಿಮಾರಿನವ್ರಲ್ಲ ಅವ್ರು. ಮತ್ತ ಕೇಳು, ಆಕೀನ ಒಬ್ಬಾಕೀನ್ನ ಬಿಡಬ್ಯಾಡ. ನೀನೂ ಒಬ್ಬಾಕಿನ ಹೊರಬ್ಯಾಡ. ಓಣಿ ಕೂಡಿಸ್ಕೊ.”

“ನಮ್ಮನಿಯವ್ರು ಹೊರಗ ಅನಬ್ಯಾಡ ಅಂದಾರ.”

“ನಾವೂ ಅಂದಿರಲಿಲ್ಲ,” ಎಂದಳು ತಾಯಿ.

ಮೋಟಾರು ಹಿಂದಕ್ಕೆ ಬರುವಾಗ ಕರಿಮಣ್ಣಿನ ಹೊಲಗಳಲ್ಲಿ ಹತ್ತಿ ಒಡೆದು ಬೆಳ್ಳಗೆ ನಿಂತಿತ್ತು. ನನ್ನ ಮನಸ್ಸು ಉಪ್ಪು, ಹೆಪ್ಪು, ಬೆಂಕಿ ಎಂದು ಜಪ ಮಾಡುತ್ತಿತ್ತು. ಉಪ್ಪು ಕೊಡಲು ಡಬ್ಬಿ ತೆಗೆದರೆ ಸಾಕು. ಹೆಪ್ಪಿಗೂ ಅಷ್ಟೇ. ಆದರೆ ಬೆಂಕಿ ಕೊಡಬೇಕಾದರೆ ಒಲೆ ಹತ್ತಿಸಲೇಬೇಕು! ಒಲೆ ಹತ್ತಿಸಿದರೆ ಅದು ಬರಿದೇ ಉರಿಯಬಾರದು. ಮೇಲೆ ಏನಾದರೂ ಇಡಬೇಕು, ಇಲ್ಲವಾದರೆ ಮನೆಗೆ ಒಳ್ಳೆಯದಲ್ಲವೆಂದು ನಮ್ಮ ಹೆಂಗಸರು ಬಿಡದೆ ನಡೆಸುವ ಪದ್ಧತಿ. ಇಟ್ಟರೆ ಬೇಯುತ್ತದೆ. ಬೆಂದದ್ದನ್ನು ಚೆಲ್ಲುವ ಕೈ ದೊಡ್ಡತ್ತೆಯದಲ್ಲ. ನನಗೇ ತಿಳಿಯದೆ ಮೋಟಾರಿನಲ್ಲಿ ಎದ್ದು ನಿಂತುಬಿಟ್ಟಿದ್ದೆ. ಪಕ್ಕದಲ್ಲಿ ಕುಳಿತ ಮುದುಕರು “ಕೂಡವಾ, ರೋಣ ಇನ್ನೂ ದೂರೈತಿ,” ಎಂದರು.

ನಮ್ಮ ಓಣಿಯಲ್ಲಿ ಒಬ್ಬರ ಮನೆಯ ಒಲೆಯಿಂದ ಇನ್ನೊಬ್ಬರು ಕೆಂಡ ಒಯ್ಯುವುದು ಯಾರಿಗೂ ವಿಶೇಷವಲ್ಲ. ಕಡ್ಡಿಪೆಟ್ಟಿಗೆ ಇದ್ದರೂ ಅದನ್ನು ದೇವರ ದೀಪಕ್ಕೆಂದು ಉಳಿಸುತ್ತಿದ್ದರು. ಒಡೆದ ಹಂಚಿನ ತುಂಡು ಹಿಡಿದು ಬಾಗಿಲಲ್ಲಿ ನಿಂತು “ಬೆಂಕಿ ಕೊಡ್ರಿ,” ಎಂದರೆ ಕೊಡಬೇಕು. ಶುಕ್ರವಾರ ಸಂಜೆ ದೀಪ ಹಚ್ಚಿದ ಮೇಲೆ ಮತ್ತು ಅಮಾವಾಸ್ಯೆಯ ದಿನ ಮಾತ್ರ ಕೇಳುವುದೂ ಇಲ್ಲ, ಕೊಡುವುದೂ ಇಲ್ಲ.

ನಾನು ಮೊದಲು ಹೋಗಿದ್ದು ಎದುರು ಮನೆಯ ಅಕ್ಕನ ಹತ್ತಿರ. ಅವಳು ಪಿಸುಮಾತಾಡಿದರೆ ಓಣಿಯ ಆ ತುದಿಗೆ ಕೇಳುತ್ತಿತ್ತು. ಆದರೂ ಅವಳ ಹತ್ತಿರವೇ ಹೋದೆ, ಯಾಕೆಂದರೆ ದೊಡ್ಡತ್ತೆ ಬೈದಷ್ಟೂ ಅವಳು ಹತ್ತಿರ ಬರುವವಳು. “ಜೀವದ ಮ್ಯಾಲೆ ಆಸೆ ಬಿಟ್ಟಾರ ಅಕ್ಕಾ, ನನಗ ಅಂಜಿಕಿ ಆಗೈತಿ,” ಎಂದೆ. ಅವಳು ಹುಟ್ಟಿದಾಗಿನಿಂದ ಮೊದಲ ಸಲವೋ ಏನೋ ಸುಮ್ಮನಾದಳು. ಆಮೇಲೆ ಸೆರಗು ಬಿಗಿದು, “ನಾ ಎಷ್ಟೊತ್ತಿಗೆ ಬರ್ಲಿ?” ಎಂದಳು. ಯಾಕೆ, ಏನು ಎಂದು ಕೇಳಲಿಲ್ಲ.

ಮರುದಿನ ಬೆಳಿಗ್ಗೆ ನಾನು ಗೋಡೆಯ ಹಿಂದೆ ತಲೆ ಕಾಣದಂತೆ ಮೈ ಮುದುಡಿ ಕುಳಿತಿದ್ದೆ. ಎದುರು ಮನೆಯಾಕೆ ಹಂಚಿನ ತುಂಡು ಹಿಡಿದು ದೊಡ್ಡತ್ತೆಯ ಬಾಗಿಲಲ್ಲಿ ನಿಂತಳು.

“ಅವ್ವಾರ, ಒಂಚೂರು ಬೆಂಕಿ ಕೊಡ್ರಿ.”

“ನಿಮ್ಮನಿ ಕಡ್ಡಿಪೆಟ್ಟಿಗಿ ಏನಾತು?”

“ಮಳಿಗೆ ಹಸಿ ಆಗ್ಯಾವ್ರಿ.”

“ಮಳಿ ಎಲ್ಲೈತಿ?”

“ಬರೂದೈತಲ್ರಿ ಅವ್ವಾರ!”

ನಾನು ಸೆರಗು ಬಾಯಲ್ಲಿ ತುರುಕಿಕೊಂಡೆ. ಆಮೇಲೆ “ಕೂಡು,” ಎಂಬ ದನಿ, ಸಗಣಿಯ ಕುಳ್ಳು ಮುರಿಯುವ ಸದ್ದು, ಹತ್ತಿಕಟ್ಟಿಗೆ ಚಟಪಟ ಎನ್ನುವ ಸದ್ದು. ಹತ್ತಿಕಟ್ಟಿಗೆ ಬೇಗ ಉರಿಯುತ್ತದೆ, ಕುಳ್ಳು ಕೆಂಡವಾಗಲು ಹೊತ್ತು ಬೇಕು. ಆ ಹೊತ್ತೆಲ್ಲ ಎದುರು ಮನೆಯಾಕೆ ಬಾಯಿಗೆ ಬಂದದ್ದು ಹರಟುತ್ತಿದ್ದಳು. ಕೊನೆಗೆ ಕೆಂಡದ ಹಂಚು ಹಿಡಿದು ಹೊರಗೆ ಬಂದವಳು, ಗುಟ್ಟು ಹೇಳುವಂತೆ ಬಗ್ಗಿ, ಊರಿಗೇ ಕೇಳುವಂತೆ, “ನುಚ್ಚಿಗೆ ಎಸರ ಇಟ್ಟಾರ!” ಎಂದಳು. ನಾನು ಅಂಗಳದಲ್ಲಿ ಚಿಕ್ಕ ಹುಡುಗಿಯ ಹಾಗೆ ಜಿಗಿದೆ. ಗೋಡೆಯಾಚೆ ಹೊಗೆ ಎದ್ದಿತ್ತು. ಹೊಗೆ ನೋಡಿ ಯಾರಾದರೂ ಅಷ್ಟು ಸಂತೋಷಪಟ್ಟದ್ದುಂಟೇ?

ಅಲ್ಲಿಂದ ಓಣಿಗೆ ಹಬ್ಬ ಹತ್ತಿದಂತಾಯಿತು. ನಾನು ಒಬ್ಬಳಿಗೆ ಹೇಳಿದ್ದು ಎಲ್ಲರಿಗೂ ಗೊತ್ತಾಯಿತು. ಆದರೆ ಯಾರೂ ಆ ಮಾತನ್ನು ಬಾಯಲ್ಲಿ ತರಲಿಲ್ಲ. ‘ಅವ್ವಾರ ಒಲಿ ಹತ್ತಬೇಕು’ ಎಂದಷ್ಟೇ. ಬೆಳಿಗ್ಗೆ ಎದುರು ಮನೆಯಾಕೆ, ಬಿಸಿಲೇರಿದಾಗ ಮೂಲೆ ಮನೆಯ ಮುದುಕಿ, ಸಂಜೆಗೆ ಇನ್ನೊಬ್ಬರು. ನೆಪಗಳೇ ಒಂದಕ್ಕಿಂತ ಒಂದು ಮಿಗಿಲು. ಬೆಕ್ಕು ಒಲೆಯಲ್ಲಿ ಮಲಗಿ ಬೆಂಕಿ ಆರಿತೆಂದು ಒಬ್ಬಳು. ಗಂಡ ಸಿಟ್ಟಿಗೆದ್ದು ನೀರು ಹಾಕಿದನೆಂದು ಇನ್ನೊಬ್ಬಳು. ಪಾಪ, ಆ ಗಂಡ ಗಟ್ಟಿ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ.

ನನ್ನ ಗಂಡನಿಗೆ ಗೊತ್ತಾಗಿ ಮುಖ ಕೆಂಪಾಯಿತು. “ಮನಿ ಮಾತು ಊರ ಬಾಯಿಗೆ ಹಾಕಿದೆಲ್ಲ!”

“ಊರು ಬೆಂಕಿ ಕೇಳಾಕ ಬರಾಕತ್ತೈತಿ, ಅಷ್ಟ,” ಎಂದೆ. ಅವರಿಗೆ ನಾನು ಎದುರು ಮಾತಾಡಿದ್ದು ಅದೇ ಮೊದಲು. ಅವರು ಹೊರಗೆ ಹೋದರು. ಆ ಸಂಜೆ ಗೋಡೆ ದಾಟಿ ದೊಡ್ಡತ್ತೆಯ ಮುಂದೆ ಕುಳಿತು, “ದೊಡ್ಡವ್ವ, ಎಲಿ ಅಡಕಿ ಕೊಡು,” ಎಂದದ್ದು ಕೇಳಿಸಿತು. ಅವರಿಗೆ ಎಲೆ ಅಡಿಕೆಯ ಚಟವೇ ಇರಲಿಲ್ಲ.

ಎಲ್ಲ ದಿನವೂ ಹೀಗೆಯೇ ಇತ್ತೆಂದು ಬರೆದರೆ ಸುಳ್ಳಾಗುತ್ತದೆ. ಒಂದು ಮಧ್ಯಾಹ್ನ ಮೂಲೆ ಮನೆಯ ಮುದುಕಿ ಎಷ್ಟು ಕರೆದರೂ ದೊಡ್ಡತ್ತೆ ಕದ ತೆರೆಯಲಿಲ್ಲ. ಮುದುಕಿ ಹೋಗಲಿಲ್ಲ. ಕದಕ್ಕೆ ಬೆನ್ನು ಹಚ್ಚಿ ಕುಳಿತು, ತನ್ನ ಮೊಣಕಾಲು ನೋವು, ಮಗಳ ಮನೆಯ ಎಮ್ಮೆ, ಅದರ ಕರು, ಎಲ್ಲವನ್ನೂ ಕದಕ್ಕೇ ಹೇಳುತ್ತ ಹೋದಳು. ಕೊನೆಗೆ ಅಗಳಿ ಸರಿಯಿತು. “ಎಮ್ಮಿ ಮಾತು ಮುಗದಿದ್ರ ಒಳಗ ಬಾ, ತಲಿ ತಿನಬ್ಯಾಡ,” ಎಂದರು ದೊಡ್ಡತ್ತೆ. ಒಲೆ ಹತ್ತಿತು. ಆದರೆ ಅವರ ಮುಖ ಹಾಗೆಯೇ ಇತ್ತು. ಬೇರೆಯವರಿಗಾಗಿ ಒಲೆ ಹಚ್ಚುತ್ತಿದ್ದರು, ಬೇರೆಯವರ ಸಲುವಾಗಿ ತುತ್ತು ನುಂಗುತ್ತಿದ್ದರು. ಒಳಗೆ ಏನಿದೆ ಎಂದು ಕೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಕೇಳಿದರೆ ಇಲ್ಲದ್ದನ್ನು ನಾವೇ ತಲೆಗೆ ಹಾಕಿದಂತಾಗುತ್ತದೆಂದು ಅಂಜಿಕೆ.

ಅದನ್ನು ಮುರಿದದ್ದು ಕಂಬಾರರ ಮನೆಯಾಕೆ.

ಅವತ್ತು ಶುಕ್ರವಾರ. ದೀಪ ಹಚ್ಚಿದ ಮೇಲೆ ಬೆಂಕಿ ಕೇಳುವ ಹಾಗಿಲ್ಲವಾದ್ದರಿಂದ ಸಂಜೆಯ ಸರದಿಯನ್ನು ಮಧ್ಯಾಹ್ನಕ್ಕೇ ತರಬೇಕಿತ್ತು. ಮೂಲೆ ಮನೆಯ ಮುದುಕಿ ನರಗುಂದಕ್ಕೆ ಮಗಳ ಮನೆಗೆ ಹೋಗಿದ್ದಳು. ಎದುರು ಮನೆಯಾಕೆ ಗಡಿಬಿಡಿಯಲ್ಲಿ, ನಮ್ಮ ಗೋಡೆಗೆ ಗೋಡೆ ಹಚ್ಚಿದ ಕಂಬಾರರ ಮನೆಗೆ ನುಗ್ಗಿ, ರೊಟ್ಟಿ ತಟ್ಟುತ್ತಿದ್ದ ಆ ಹೆಣ್ಣುಮಗಳ ಕೈಗೆ ಹಂಚಿನ ತುಂಡು ಕೊಟ್ಟು, “ನಡಿ ನಡಿ, ಲಗೂ ನಡಿ, ಬೆಂಕಿ ಕೇಳು,” ಎಂದು ತಳ್ಳಿದಳು. ಇಬ್ಬರಿಗೂ ಹೊಳೆಯಲಿಲ್ಲ. ಗೋಡೆಯ ಹಿಂದೆ ಕುಳಿತ ನನಗೂ ಹೊಳೆಯಲಿಲ್ಲ.

“ಅವ್ವಾರ, ಬೆಂಕಿ ಕೊಡ್ರಿ.”

“ಯಾರವಾ ನೀ? ಕಂಬಾರ್ರಾಕಿ ಅಲ್ಲ?”

“ಹೌದ್ರಿ.”

“ನಿನ್ನ ಗಂಡ ಎಲ್ಲ್ಯಾನ?”

“ಕುಲಮ್ಯಾಗ ಅದಾನ್ರಿ. ಕುಡಗೋಲು ಹಣ್ಯಾಕತ್ಯಾನ.”

ಹೇಳುತ್ತಿದ್ದ ಹಾಗೇ ಪಕ್ಕದಿಂದ ಟಣ್ ಟಣ್ ಎಂದು ಸುತ್ತಿಗೆಯ ಸದ್ದು. ತಿದಿ ಬುಸ್ಸೆಂದು ಉಸಿರು ಬಿಟ್ಟಿತು. ಕಿಡಿ ಹಾರುವುದು ಕೂಡ ಅಂಗಳದಿಂದ ಕಾಣುತ್ತಿತ್ತು.

“ಕುಲಮ್ಯಾಗ ಬೆಂಕಿ ಇಲ್ಲದನ ಹಣ್ಯಾಕತ್ಯಾನೇನು?” ಎಂದರು ದೊಡ್ಡತ್ತೆ ನಿಧಾನವಾಗಿ.

ಕಂಬಾರರಾಕೆ ಹಂಚಿನ ತುಂಡನ್ನು ನೋಡಿದಳು, ಕುಲುಮೆಯ ಕಡೆ ನೋಡಿದಳು. “ಅದು... ಆ ಬೆಂಕಿ ಕಬ್ಬಿಣದ್ರಿ ಅವ್ವಾರ. ಇದು ರೊಟ್ಟೀದು.”

ಆಮೇಲೆ ದೊಡ್ಡತ್ತೆ ನಕ್ಕರು. ಎಷ್ಟೋ ದಿನದಿಂದ ಕೇಳದಿದ್ದ ನಗು. ಇರುವ ನಾಲ್ಕು ಹಲ್ಲು ಕಾಣುವಂತೆ, ಹೊಟ್ಟೆ ಹಿಡಿದುಕೊಂಡು, ಹೊಸ್ತಿಲ ಮೇಲೆ ಕುಸಿದು ಕುಳಿತು ನಕ್ಕರು. ಕಂಬಾರರಾಕೆಯೂ ನಕ್ಕಳು. ನನಗೆ ತಡೆಯಲಾಗದೆ ಗೋಡೆಯ ಹಿಂದಿನಿಂದ ನಗು ಹೊರಬಿತ್ತು.

“ಎದ್ದು ಬಾ ಇತ್ತಾಗ,” ಎಂದು ಗದರಿದರು. “ನೀನ ಅಲ್ಲೇನು ಇವ್ರನ್ನೆಲ್ಲಾ ಕಳಸಾಕಿ? ಮಳಿ ಬರೂ ಮೊದಲ ಹಸಿ ಆಗೂ ಕಡ್ಡಿಪೆಟ್ಟಿಗಿ, ಒಲ್ಯಾಗ ಮಲಗೂ ಬೆಕ್ಕು! ನನ್ನ ಕಾವಲ ಕಾಯಾಕತ್ತೀರಿ? ನಾ ಏನ ಹತ್ತಿ ಹೊಲಾ?”

ನಾನು ಗೋಡೆ ದಾಟಿ ಬಂದು ಅವರ ಮುಂದೆ ಕುಳಿತೆ. ನಗು ಅವರ ಮುಖದಲ್ಲಿ ಇನ್ನೂ ಇತ್ತು, ಕಣ್ಣಲ್ಲಿ ಮಾತ್ರ ನೀರು ಬಂದಿತ್ತು. ನನಗೆ ಆ ಮಾತು ಎಲ್ಲಿಂದ ಬಂತೋ ತಿಳಿಯದು.

“ದೊಡ್ಡತ್ತಿ, ನಿಮಗ ಸಾಯಬೇಕು ಅನಸಾಕತ್ತೈತೇನ್ರಿ?”

ದೊಡ್ಡತ್ತೆ ನನ್ನನ್ನು ನೋಡಿದರು. ಸಿಟ್ಟಾಗುತ್ತಾರೆಂದುಕೊಂಡೆ.

“ಹೌದು ತಂಗಿ,” ಎಂದರು. “ಅನಸ್ತೈತಿ.”

“ಹಂಗೆಲ್ಲಾ ಅನಬಾರದ್ರಿ ಅವ್ವಾರ, ದೇವ್ರು...” ಎಂದು ಕಂಬಾರರಾಕೆ ಶುರುಮಾಡಿದಳು. ನಾನು ಅವಳ ಮೊಣಕಾಲು ಒತ್ತಿದೆ. ಅವಳು ಮಾತು ನುಂಗಿ, ಹಂಚಿನ ತುಂಡನ್ನು ಕೆಳಗಿಟ್ಟು, ನೆಲದ ಮೇಲೆ ಕುಳಿತಳು. “ಹೇಳ್ರಿ ಅವ್ವಾರ,” ಎಂದಳು.

ದೊಡ್ಡತ್ತೆ ಹೇಳಿದರು. “ಬೆಳಗಾಗೂದ ಬ್ಯಾಡ ಅನಸ್ತೈತಿ. ಹಂಚು ಕಾಯತೈತಿ, ನಾ ಈ ಕಡೆ ಕೈ ಮಾಡ್ತೀನಿ, ರೊಟ್ಟಿ ಕೊಡೂ ಕೈ ಇಲ್ಲ. ಬಂದಾವ್ರೆಲ್ಲಾ ಚಲೋ ಸಾವು, ಚಲೋ ಸಾವು ಅಂದ್ರು. ಆಕಿಗೆ ಚಲೋ. ನನಗ? ನನ್ನನ್ನ ಒಬ್ರೂ ಕೇಳಲಿಲ್ಲ. ಆಕಿ ನನಗ ಗಂಡನಕಿಂತ ಹೆಚ್ಚು ವರ್ಷ ಜೋಡಿ ಇದ್ಲು. ಗಂಡ ಸತ್ರ ಅಳಾಕ ಎಲ್ಲಾರೂ ಬರ್ತಾರ. ನೆಗೆಣ್ಣಿ ಸತ್ರ ಎಷ್ಟ ಅಳಬೇಕು ಅಂತ ಯಾರಿಗೂ ಗೊತ್ತಿಲ್ಲ.”

ನಾವು ಬುದ್ಧಿ ಹೇಳಲಿಲ್ಲ. ಹೇಳಲು ನಮಗೆ ಬರುತ್ತಲೂ ಇರಲಿಲ್ಲ. ಅವರು ಅಳುವಾಗ ಅತ್ತೆವು, ಬಿಟ್ಟುಹೋದಳೆಂದು ನನ್ನ ಅತ್ತೆಯನ್ನು ಬೈಯುವಾಗ ನಕ್ಕೆವು. ದೀಪ ಹಚ್ಚಲು ಇನ್ನೂ ಸ್ವಲ್ಪ ಹೊತ್ತಿರುವಾಗ ಅವರೇ ಎದ್ದರು. “ಒಲಿ ಹಚ್ತೀನಿ. ರೊಟ್ಟಿ ಬಡಿ, ನೋಡೂಣು,” ಎಂದು ಮರಿಗೆಯನ್ನು ನನ್ನ ಕಡೆ ತಳ್ಳಿದರು. ಕಂಬಾರರಾಕೆ ತನ್ನ ಕುಲುಮೆಯಿಂದಲೇ ಕೆಂಡ ತಂದಳು. ನಾನು ಬಡಿದ ರೊಟ್ಟಿಯ ನಡುವೆ ತೂತು ಬಿತ್ತು. “ಇದು ರೊಟ್ಟಿನೋ ಜಾಳಿಗಿನೋ?” ಎಂದರು. ಬೈಸಿಕೊಂಡು ಅಷ್ಟು ಹಿಗ್ಗಿದ್ದು ನಾನು ನನ್ನ ಜನ್ಮದಲ್ಲಿ ಅದೇ ಮೊದಲು. ಅವತ್ತು ಅವರು ನಮ್ಮ ಜೊತೆ ಕುಳಿತು ಉಂಡರು.

ಉಂಡು ಕೈತೊಳೆದು ಹೇಳಿದರು: “ನಾಳಿಂದ ಬೆಂಕಿ ಕೇಳಾಕ ಬರಬ್ಯಾಡ್ರಿ. ಸುಳ್ಳ ಹೇಳಾಕ ನಿಮಗ್ಯಾರಿಗೂ ಬರೂದಿಲ್ಲ. ನನಗ ಬ್ಯಾಸರ ಬಂದ್ರ ನಾನ ಹೇಳ್ತೀನಿ.”

“ಖರೇ ಹೇಳ್ತೀರೇನ್ರಿ?”

“ಹೇಳ್ತೀನಿ. ಹೇಳಿದ್ರ ಬರಬೇಕ ಮತ್ತ. ಪುರಾಣ ಹೇಳಾಕ ಅಲ್ಲ. ಕೂಡಾಕ.”

ಹೇಳುತ್ತಾರೋ ಇಲ್ಲವೋ ಎಂದು ನನಗೆ ಅನುಮಾನವಿತ್ತು. ನೆಪದ ಕಾವಲು ಹೋಗಿತ್ತು, ಉಳಿದದ್ದು ಅವರ ಮಾತೊಂದೇ. ನಾನು ಹಗಲೆಲ್ಲ ಗೋಡೆಯಾಚೆ ಕಿವಿಯಿಟ್ಟೆ. ನನ್ನ ಗಂಡ ಅವರನ್ನು ದವಾಖಾನೆಗೆ ಕರೆದುಕೊಂಡು ಹೋದರು. ಡಾಕ್ಟರು ಶಕ್ತಿಯ ಔಷಧ ಕೊಟ್ಟು, ಒಬ್ಬರನ್ನೇ ಬಿಡಬೇಡಿರಿ ಎಂದರಂತೆ. ಅದನ್ನೇ ನನ್ನ ತಾಯಿಯೂ ಹೇಳಿದ್ದಳು.

ಒಂದು ದಿನ ಬಿಸಿಲು ನೆತ್ತಿಯ ಮೇಲಿದ್ದಾಗ ಓಣಿಯಿಂದ ಕೂಗು ಕೇಳಿತು. ಓಡಿ ಬಂದು ನೋಡಿದರೆ ದೊಡ್ಡತ್ತೆ ತಮ್ಮ ಕಟ್ಟೆಯ ಮೇಲೆ ನಿಂತಿದ್ದರು. ಮುಖ ಬಿಳಿಚಿಕೊಂಡಿತ್ತು, ಆದರೆ ದನಿ ಮಾತ್ರ ಗಟ್ಟಿ.

“ಏ, ಯಾರದೀರಿ? ನನಗ ಬ್ಯಾಸರ ಬಂದೈತಿ!”

ಎಂಥ ಓಟ ಅದು! ಎದುರು ಮನೆಯಾಕೆ ಹಿಟ್ಟಿನ ಕೈಯಲ್ಲೇ ಬಂದಳು. ಮೂಲೆ ಮನೆಯ ಮುದುಕಿ ಮೊಣಕಾಲು ನೋವು ಮರೆತು ಬಂದಳು. ಕಂಬಾರರಾಕೆ ಬಂದಳು, ಅವಳ ಹಿಂದೆ ಸುತ್ತಿಗೆ ಹಿಡಿದೇ ಅವಳ ಗಂಡನೂ ಬಂದ. ಯಾರಿಗೋ ಹೊಡೆಯಬೇಕೆಂದುಕೊಂಡಿದ್ದನೋ ಏನೋ. ಕಟ್ಟೆ ತುಂಬಿತು. ಲಕ್ಕಲಕಟ್ಟಿಯ ಕಡೆಯಿಂದ ಚಕ್ಕಡಿಯಲ್ಲಿ ಬರುತ್ತಿದ್ದ ಮುದುಕನೊಬ್ಬ ಗುಂಪು ನೋಡಿ ಎತ್ತು ನಿಲ್ಲಿಸಿದ.

“ಏನಾತ್ರವಾ?”

“ಅವ್ವಾರಿಗೆ ಬ್ಯಾಸರ ಬಂದೈತಿ,” ಎಂದಳು ಎದುರು ಮನೆಯಾಕೆ.

“ಅದಕ್ಕ ಇಷ್ಟ ಮಂದಿನಾ?”

“ಹೌದು. ನಿನಗೂ ಬಂದಿದ್ರ ಹೇಳು ಯಪ್ಪಾ, ಜಾಗಾ ಐತಿ.”

ಹೆಂಗಸರೆಲ್ಲ ನಕ್ಕರು. ಮುದುಕ ನಗಲಿಲ್ಲ. ಸ್ವಲ್ಪ ಹೊತ್ತು ಹಗ್ಗ ಹಿಡಿದು ಯೋಚಿಸಿದ. ಆಮೇಲೆ ಎತ್ತು ಬಿಚ್ಚಿ ಬೇವಿನ ಗಿಡಕ್ಕೆ ಕಟ್ಟಿ, ರುಮಾಲು ತೆಗೆದು, ಕಟ್ಟೆಯ ತುದಿಗೆ ಬಂದು ಕುಳಿತ. ದೊಡ್ಡತ್ತೆ ಒಳಗೆ ಹೋಗಿ ಅವನಿಗೆ ನೀರು, ಬೆಲ್ಲ ತಂದುಕೊಟ್ಟರು. ಅವನು ಹೋಗುವಾಗ ಅವರಿಗೆ ಕೈಮುಗಿದು ಹೋದ. ಅವನ ಚಕ್ಕಡಿ ತಿರುವಿನಲ್ಲಿ ಮರೆಯಾಗುವ ತನಕ ದೊಡ್ಡತ್ತೆ ನೋಡುತ್ತಿದ್ದರು. “ಅವಂಗೂ ಯಾರೋ ಹೋಗ್ಯಾರ,” ಎಂದರು.

ಅವತ್ತಿಗೆ ಎಲ್ಲ ಮುಗಿಯಿತೆಂದಲ್ಲ. ಬೇಸರ ಮತ್ತೆ ಮತ್ತೆ ಬಂತು. ಚಳಿಗಾಲದ ಸಂಜೆ ಬಂತು, ಅತ್ತೆ ತೀರಿದ ತಿಥಿಗೆ ಬಂತು, ಯಾವ ಕಾರಣವೂ ಇಲ್ಲದೆ ಬಂತು. ಪ್ರತಿ ಸಲವೂ ಅವರು ಹೇಳಿದರು, ಪ್ರತಿ ಸಲವೂ ಯಾರಾದರೂ ಹೋಗಿ ಕುಳಿತೆವು. ಕೆಲವೊಮ್ಮೆ ನಗುತ್ತ ಎದ್ದೆವು, ಕೆಲವೊಮ್ಮೆ ಹಾಗೆಯೇ ಎದ್ದೆವು. ಮುಂಬೈ ರಾಜ್ಯದಲ್ಲಿದ್ದ ನಮ್ಮ ಊರು ಮೈಸೂರು ರಾಜ್ಯಕ್ಕೆ ಸೇರಿದ್ದನ್ನು ಅವರು ನೋಡಿದರು. ನನ್ನ ಮಗಳು ಹುಟ್ಟಿದ್ದನ್ನು ನೋಡಿದರು, ಅವಳು ಹೊಸ್ತಿಲು ದಾಟಿದಾಗ ಓಣಿಗೆಲ್ಲ ಬೆಲ್ಲ ಹಂಚಿದರು. ಗೋಡೆ ಎಡವಿ ಕೂಸು ಬೀಳುತ್ತದೆಂದು ಬೈದು ಬೈದು ನನ್ನ ಗಂಡನ ಕೈಯಿಂದ ಅಂಗಳದ ಗೋಡೆಯನ್ನು ಒಡೆಸಿದರು.

ಈ ವರ್ಷ ಹತ್ತಿ ಬಿಡಿಸುವ ಕಾಲಕ್ಕೆ ಅವರಿಗೆ ಜ್ವರ ಬಂತು. ಹಾಸಿಗೆ ಹಿಡಿದರು, ನನ್ನ ಕೈಯಲ್ಲಿ ಎಲ್ಲವನ್ನೂ ಮಾಡಿಸಿಕೊಂಡರು, ಇನ್ನೊಂದು ಬಟ್ಟಲು ಚಹ ಕೇಳಿದರು. ವಯಸ್ಸಾದವರು ಹೋಗುವ ಹಾಗೆ, ತಮ್ಮ ಹೊತ್ತಿಗೆ, ನಮ್ಮೆಲ್ಲರ ನಡುವೆ ಹೋದರು. ಬಂದವರು ಚಲೋ ಸಾವು ಎಂದರು. ನನಗೆ ಯಾರ ಮೇಲೂ ಸಿಟ್ಟು ಬರಲಿಲ್ಲ. ಆದರೆ ಎದುರು ಮನೆಯಾಕೆ ಅವರನ್ನೆಲ್ಲ ಸರಿಸಿ ನನ್ನ ಹತ್ತಿರ ಬಂದು ಕುಳಿತು, “ನಿನಗ ಹ್ಯಾಂಗ ಆಗೈತಿ, ಹೇಳು,” ಎಂದಳು.

ನಿನ್ನೆ ಮಧ್ಯಾಹ್ನ ನಾನು ಕಟ್ಟೆಯ ಮೇಲೆ ನಿಂತೆ. ನನ್ನ ದನಿ ಸಣ್ಣದು, ಕೂಗುವ ರೂಢಿ ನನಗಿಲ್ಲ. ಆದರೂ ಬೇಸರ ಬಂದಿದೆ ಎಂದು ಹೇಳಿದೆ. ಓಣಿಯವರೆಲ್ಲ ಬಂದರು, ಕಂಬಾರರಾಕೆ ನನ್ನ ಮಗಳನ್ನು ಎತ್ತಿಕೊಂಡು ಬಂದಳು, ಹೊತ್ತು ಮುಳುಗುವ ತನಕ ಕುಳಿತರು. ಇವತ್ತೂ ಬರುತ್ತೇವೆ ಎಂದಿದ್ದಾರೆ.

ದೊಡ್ಡತ್ತೆ ಇಲ್ಲ.